ಡೈರಿ ಮುಂದೊಂದು ಬೆಂಚು

"ನಮ್ ಹಸೀಂದು ಫ್ಯಾಟು 3.8 ಬತ್ತದೆ ಸಾ, ಎಸ್‌ಎನ್‌ಎಫ್ 8.5. ಮಳೆಗಾಲ್ದಲ್ಲಿ ಒಸಿ ಕಮ್ಮಿ ಆಯ್ತದೆ."

ಹಾಸನ ಜಿಲ್ಲೆಯ ಅರಕಲಗೂಡು ಕಡೆಯ ರೈತರೊಬ್ಬರು ಆಸ್ಪತ್ರೆಯ ಮಂಚದ ಮೇಲೆ ಒರಗಿಕೊಂಡು ಈ ಮಾತು ಹೇಳಿ ಬಹಳ ವರ್ಷವೇನೂ ಆಗಿಲ್ಲ. ವಯಸ್ಸು 50 ದಾಟಿರಲಿಲ್ಲ. ಎರಡು ಹಸು, ಒಂದು ಎಕರೆ ಹೊಗೆಸೊಪ್ಪು, ಉಳಿದದ್ದರಲ್ಲಿ ರಾಗಿ. ಅವರ ಭಯ ಸ್ವಲ್ಪ ಇಳಿಯಲಿ ಎಂದು ನಾನೇ ಹಸುವಿನ ವಿಚಾರ ತೆಗೆದಿದ್ದೆ. ಹಾಲಿನ ಅಂಕಿಗಳು ನಾಲಿಗೆಯ ತುದಿಯಲ್ಲೇ ಇದ್ದವು. ನಿಮ್ಮ ಬಿಪಿ ಎಷ್ಟಿರುತ್ತೆ ಎಂದು ಆಮೇಲೆ ಕೇಳಿದೆ. "ಅದೇನೋ ಜಾಸ್ತಿ ಐತೆ ಅಂದಿದ್ರು ಸಾ. ಮಾತ್ರೆ ಕೊಟ್ಟಿದ್ರು, ಒಂದ್ ತಿಂಗ್ಳು ನುಂಗ್ದೆ. ಚೆನ್ನಾಗೇ ಇದ್ನಲ್ಲ, ಬಿಟ್ಬುಟ್ಟೆ."

ಹಿಂದಿನ ದಿನ ಮಧ್ಯಾಹ್ನ ಹೊಲದಲ್ಲಿ ಅವರಿಗೆ ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಂಡಿತ್ತು. ಮನೆಗೆ ಬಂದು ಸೋಡಾ ಕುಡಿದರು. ಹೆಂಡತಿ ಜೀರಿಗೆ ಕಷಾಯ ಕಾಯಿಸಿ ಕೊಟ್ಟರು. ಸಂಜೆ ಅಂಗಡಿಯಿಂದ ಗ್ಯಾಸಿನ ಮಾತ್ರೆ ಬಂತು. ರಾತ್ರಿಯೆಲ್ಲ ಕೂತೇ ಕಳೆದು, ಬೆಳಗ್ಗೆ ಡೈರಿಗೆ ಹಾಲು ಹಾಕಿಸಿ, ಆಮೇಲೆ ಆಸ್ಪತ್ರೆಗೆ ಹೊರಟರು. ಇಸಿಜಿ ತೆಗೆಯುವ ಹೊತ್ತಿಗೆ ಹೃದಯಾಘಾತವಾಗಿ ಸುಮಾರು 18 ಗಂಟೆ ಕಳೆದಿತ್ತು. ಜೀವ ಉಳಿಯಿತು, ಹೃದಯದ ಸ್ನಾಯುವಿನ ಒಂದು ಭಾಗ ಉಳಿಯಲಿಲ್ಲ. ಈಗ ಅವರು ಹುಲ್ಲಿನ ಹೊರೆ ಎತ್ತುವುದಿಲ್ಲ. ಡೈರಿಗೆ ಕ್ಯಾನು ಒಯ್ಯುವುದು ಮಗ.

2025ರ ಜೂನ್ ಕೊನೆಯಲ್ಲಿ ಹಾಸನದ ಹೆಸರು ದೇಶದ ಟಿವಿಗಳಲ್ಲೆಲ್ಲ ಓಡತೊಡಗಿದಾಗ ನನಗೆ ಮೊದಲು ನೆನಪಾದದ್ದು ಈ ರೈತರೇ. 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ. ಸತ್ತವರಲ್ಲಿ ಇನ್ನೂ ಮೀಸೆ ಬಲಿಯುವ ವಯಸ್ಸಿನ ಹುಡುಗರಿದ್ದರು, ಹೆಣ್ಣುಮಕ್ಕಳಿದ್ದರು. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ, ಚನ್ನರಾಯಪಟ್ಟಣದ ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಬೇರೆ ಮಾತೇ ಇರಲಿಲ್ಲ. ಮೈಸೂರು ಮತ್ತು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಕು ಹರಿಯುವ ಮುನ್ನವೇ ಸಾಲು ನಿಂತಿತು. ನೋವಿಲ್ಲದವರು, ಕಾಯಿಲೆಯಿಲ್ಲದವರು, ಬರೀ ಭಯವಿದ್ದವರು ಹಾಸನದಿಂದ ರಾತ್ರಿ ಬಸ್ಸು ಹತ್ತಿ ಹೋದರು. ಅವರನ್ನು ನಾನು ದೂರುವುದಿಲ್ಲ. ನೆರೆಮನೆಯ ಮಗ ನಿಂತಲ್ಲೇ ಕುಸಿದು ಹೋದಾಗ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ಆ ಸಾಲಿನಿಂದಾಗಿ, ನಿಜವಾಗಿ ಹೃದಯಾಘಾತವಾಗಿ ಬಂದವರಿಗೆ ದಾರಿ ಬಿಡಿಸುವುದೂ ಕಷ್ಟವಾಗುತ್ತದೆ ಎಂಬುದನ್ನು ಹೇಳದಿರಲಾರೆ.

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಜುಲೈ ಎರಡನೇ ವಾರದಲ್ಲಿ ವರದಿಯ ಸಾರ ಹೊರಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಇಲ್ಲವೇ ಹಾಗಿರುವ ಸಂಭವವಿದ್ದವು. ಉಳಿದ 4ಕ್ಕೆ ರಸ್ತೆ ಅಪಘಾತ, ವಿದ್ಯುತ್ ಆಘಾತದಂಥ ಬೇರೆ ಕಾರಣಗಳಿದ್ದವು. ಹಿಂದಿನ ತಿಂಗಳುಗಳಿಗೆ ಹೋಲಿಸಿದರೆ ಹಾಸನದಲ್ಲಿ ಹೃದಯದ ಸಾವು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಹೇಳಿತು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟಿದ್ದರು ಎಂಬ ಅಂಶವೂ ಅದರಲ್ಲಿತ್ತು. ಮರುದಿನದಿಂದ ಟಿವಿಯವರು ಬೇರೆ ಊರಿಗೆ ಹೋದರು. ಸಾಲು ಕರಗಿತು.

ನನಗೆ ನೆಮ್ಮದಿಯಾಗಲಿಲ್ಲ. ಅಸಹಜವಾಗಿ ಏರಿಲ್ಲ ಎಂದರೆ, ಇಷ್ಟು ಸಾವು ನಮ್ಮಲ್ಲಿ ಮೊದಲಿನಿಂದಲೂ ನಡೆಯುತ್ತಿತ್ತು ಎಂದೇ ಅರ್ಥ. ಯಾರೂ ಎಣಿಸುತ್ತಿರಲಿಲ್ಲ. "ಊಟ ಮಾಡಿ ಮಲಗಿದ್ರು, ಬೆಳಗ್ಗೆ ಏಳಲಿಲ್ಲ" ಎಂದು ಹೇಳಿ, ಪುಣ್ಯವಂತರ ಸಾವು ಎಂದು ಸಮಾಧಾನ ಮಾಡಿಕೊಂಡು ಹನ್ನೊಂದನೇ ದಿನದ ಅಡುಗೆಗೆ ಹೊಂದಿಸುತ್ತಿದ್ದೆವು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಇನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಮಾಡಬೇಕು ಎಂದು ಸರ್ಕಾರ ಆಗ ಹೇಳಿದ್ದು ಈ ಕಾರಣಕ್ಕೆ ದೊಡ್ಡ ಹೆಜ್ಜೆ. ಕಾರಣ ಗೊತ್ತಾಗದ ಸಾವಿನ ಜಾಗಕ್ಕೆ ಗಾಳಿಮಾತು ಬಂದು ಕೂರುತ್ತದೆ.

ಬಂದು ಕೂತೂ ಆಗಿತ್ತು. ಕೋವಿಡ್ ಲಸಿಕೆಯೇ ಕಾರಣ ಎಂಬ ಮಾತು ಚಹದಂಗಡಿಯಿಂದ ಹೊರಟು ಮುಖ್ಯಮಂತ್ರಿಗಳ ಹೇಳಿಕೆಯವರೆಗೂ ಹೋಯಿತು. ಜಯದೇವದಲ್ಲಿ 2025ರ ಏಪ್ರಿಲ್-ಮೇ ತಿಂಗಳಲ್ಲಿ ದಾಖಲಾದ, 45 ವರ್ಷದೊಳಗಿನ 251 ಹೃದ್ರೋಗಿಗಳನ್ನು ರಾಜ್ಯದ ತಜ್ಞರೇ ನೋಡಿದರು. ಲಸಿಕೆಗೂ ಕಾಯಿಲೆಗೂ ನಂಟು ಕಾಣಲಿಲ್ಲ. ದೇಶದ 47 ಆಸ್ಪತ್ರೆಗಳಲ್ಲಿ 2023ರಲ್ಲಿ ಐಸಿಎಂಆರ್ ನಡೆಸಿದ ಅಧ್ಯಯನದಲ್ಲೂ ಕಾಣಲಿಲ್ಲ. ಕಂಡದ್ದು ಹಳೆಯ ಮುಖಗಳೇ. ಆ 251 ಜನರಲ್ಲಿ 111 ಮಂದಿ ಧೂಮಪಾನಿಗಳು, 102 ಮಂದಿಗೆ ಬಿಪಿ.

ನಾಯಕರ ಬಾಯಿಂದ ಬಂದ ಸಂಶಯಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾ ಕಂಡಿದೆ. 2000ದ ಸುಮಾರಿಗೆ ಅಲ್ಲಿನ ಅಧ್ಯಕ್ಷ ಥಾಬೊ ಎಂಬೆಕಿ, ಏಡ್ಸ್‌ಗೆ ಎಚ್‌ಐವಿಯೇ ಕಾರಣವೇ ಎಂದು ಪ್ರಶ್ನಿಸುತ್ತ ಕೂತರು. ಆರೋಗ್ಯ ಸಚಿವೆ ಬೆಳ್ಳುಳ್ಳಿ, ಬೀಟ್‌ರೂಟು, ನಿಂಬೆಹಣ್ಣಿನ ಗುಣ ಹೇಳುತ್ತಿದ್ದರು. ಔಷಧಿ ತಡವಾಯಿತು. ಆ ತಡದಿಂದ 3 ಲಕ್ಷಕ್ಕೂ ಹೆಚ್ಚು ಜೀವ ಹೋಯಿತೆಂದು ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದರು. ಅದೇ ದೇಶದಲ್ಲಿ, 1998ರಲ್ಲಿ ಹುಟ್ಟಿದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಜನರ ಚಳವಳಿ ಬೇರೊಂದು ಕೆಲಸಕ್ಕೆ ಕೈಹಾಕಿತು. ಮನೆಗೆಲಸದ ಹೆಂಗಸರಿಗೂ, ನಿರುದ್ಯೋಗಿ ಹುಡುಗರಿಗೂ ವೈರಸ್ ಎಂದರೇನು, ಮೈಯಲ್ಲಿ ಅದೇನು ಮಾಡುತ್ತದೆ, ಯಾವ ಮಾತ್ರೆ ಯಾಕೆ, ತಮ್ಮ ರಕ್ತದಲ್ಲಿ ರೋಗ ತಡೆಯುವ ಸಿಡಿ4 ಕಣಗಳ ಎಣಿಕೆ ಎಷ್ಟು ಎಂಬುದನ್ನು ಕಲಿಸಿತು. ತಮ್ಮ ಅಂಕಿ ತಮಗೆ ಗೊತ್ತಿದ್ದ ಜನ ನ್ಯಾಯಾಲಯಕ್ಕೂ ಹೋದರು. ಗರ್ಭಿಣಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ಔಷಧಿಯನ್ನು ಕೊಡಲೇಬೇಕೆಂಬ ತೀರ್ಪನ್ನು 2002ರಲ್ಲಿ ಪಡೆದುಕೊಂಡು ಬಂದರು.

ಆರೋಗ್ಯ ಶಿಕ್ಷಣ ಎಂದರೆ ನಮ್ಮಲ್ಲಿ ಈಗಲೂ ಪಂಚಾಯಿತಿ ಗೋಡೆಯ ಮೇಲಿನ ಬರಹ, ಶಾಲೆಯ ಜಾಥಾ, ವಿಶ್ವ ಹೃದಯ ದಿನದ ಭಾಷಣ. ನಾನೂ ಅಂಥ ಭಾಷಣ ಬಹಳ ಮಾಡಿದ್ದೇನೆ. ಕೊಬ್ಬು, ಕೊಲೆಸ್ಟೆರಾಲ್, ರಕ್ತನಾಳದ ಚಿತ್ರ ತೋರಿಸಿ ಮುಗಿಸಿದ ಮೇಲೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ: "ಅದೆಲ್ಲ ಸರಿ ಕಣಪ್ಪ. ಗ್ಯಾಸ್ಟಿಕ್ಕು ಯಾವ್ದು, ಹಾರ್ಟು ಯಾವ್ದು ಅಂತ ಗೊತ್ತಾಗೋದು ಹೆಂಗೆ?"

ಭಾಷಣದಲ್ಲಿ ನಾನು ಹೇಳದೆ ಬಿಟ್ಟದ್ದು ಅದೊಂದೇ, ಅವರಿಗೆ ಬೇಕಿದ್ದದ್ದೂ ಅದೊಂದೇ. ನಮ್ಮ ಸೀಮೆಯಲ್ಲಿ ಹೊಕ್ಕುಳಿನಿಂದ ಗಂಟಲಿನವರೆಗೆ ಎಲ್ಲಿ ಏನಾದರೂ ಅದಕ್ಕೆ ಗ್ಯಾಸ್ಟ್ರಿಕ್ ಎಂದೇ ಹೆಸರು. ಎದೆ ಉರಿ, ಎದೆ ಭಾರ, ಬೆನ್ನಲ್ಲಿ ಹಿಡಿದುಕೊಂಡದ್ದು, ದವಡೆ ಸೆಳೆತ, ತೋಳು ಜೋಮು, ಎಲ್ಲವೂ ಗ್ಯಾಸ್ಟ್ರಿಕ್. ಆ ಪದ ಬಂದೊಡನೆ ಮನೆಯವರ ಭಯ ಇಳಿಯುತ್ತದೆ, ಸೋಡಾ ಬರುತ್ತದೆ, ಗಂಟೆಗಳು ಹೋಗುತ್ತವೆ. ನಾನು ಕಂಡ ಹೃದಯಾಘಾತದ ಸಾವುಗಳಲ್ಲಿ ಈ ಒಂದು ಪದದ ಪಾಲು ಸಣ್ಣದಲ್ಲ.

ಅಜ್ಜಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಕೊಡುತ್ತೇನೆ. ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ, ಅವ್ವ. ನನಗೂ ಬರೀ ಕೈಯಿಟ್ಟು ನೋಡಿದರೆ ಗೊತ್ತಾಗುವುದಿಲ್ಲ. ಇಸಿಜಿ ಬೇಕು, ಒಮ್ಮೊಮ್ಮೆ ಒಂದಲ್ಲ, ಎರಡು ಮೂರು ಬೇಕು, ರಕ್ತಪರೀಕ್ಷೆಯೂ ಬೇಕು. ಎದೆಯ ನಡುವೆ ಕಲ್ಲು ಹೇರಿದಂತೆ, ಹಗ್ಗ ಬಿಗಿದಂತೆ ಆಗಿ ಹತ್ತು ಹದಿನೈದು ನಿಮಿಷವಾದರೂ ಬಿಡದಿದ್ದರೆ, ಜತೆಗೆ ತಣ್ಣನೆಯ ಬೆವರು, ವಾಂತಿ, ಉಸಿರು ಕಟ್ಟುವುದು ಇದ್ದರೆ, ಅದು ಹೃದಯವೇ ಎಂದುಕೊಂಡು ಹೊರಡಬೇಕು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎದೆ ನೋವೇ ಬಾರದಿರಬಹುದು. ಎಂದೂ ಇಲ್ಲದ ಸುಸ್ತು, ಮೇಲುಸಿರು, ಹೊಟ್ಟೆಯ ಮೇಲ್ಭಾಗದ ಸಂಕಟ, ಇಷ್ಟೇ ಇರಬಹುದು. ಪರೀಕ್ಷೆ ಮಾಡಿ ಗ್ಯಾಸ್ಟ್ರಿಕ್ ಎಂದೇ ತೀರ್ಮಾನವಾದರೆ ನಷ್ಟವೇನು? ಅರ್ಧ ದಿನ.

ಒಳಗೆ ಆಗುವುದು ಇಷ್ಟು. ಹೃದಯಕ್ಕೇ ರಕ್ತ ಒಯ್ಯುವ ಸಣ್ಣ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಗಸಿಯಂತೆ ಕೂತಿರುತ್ತದೆ. ಒಂದು ದಿನ ಆ ಗಸಿಯ ಮೇಲಿನ ಪೊರೆ ಬಿರಿಯುತ್ತದೆ. ಗಾಯವಾಯಿತೆಂದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ಕಾಲುವೆಗೆ ಕಸ ಕಟ್ಟಿಕೊಂಡರೆ ಕೆಳಗಿನ ಗದ್ದೆ ಒಣಗುವಂತೆ ಆ ನಾಳದ ಮುಂದಿನ ಸ್ನಾಯು ಸಾಯತೊಡಗುತ್ತದೆ. ಗದ್ದೆಗಾದರೆ ನಾಳೆ ನೀರು ಬಿಟ್ಟರೂ ಪೈರು ಚೇತರಿಸಿಕೊಂಡೀತು. ಹೃದಯದ ಸ್ನಾಯುವಿಗೆ ಇರುವುದು ಕೆಲವೇ ಗಂಟೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಇದೆ. ರೋಗಿಯ ತೂಕ ನೋಡಿ ಒಂದೇ ಸಲ ನರಕ್ಕೆ ಕೊಡುವಂಥದ್ದು. ಮೊದಲ ಎರಡು ಮೂರು ಗಂಟೆಯೊಳಗೆ ಕೊಟ್ಟರೆ ಅದರ ಗುಣ ಬಹಳ, 12 ಗಂಟೆ ಕಳೆದ ಮೇಲೆ ಅದರಿಂದ ಪ್ರಯೋಜನ ಕಡಿಮೆ. ಅರಕಲಗೂಡಿನ ಆ ರೈತರಿಗೆ ನನ್ನಿಂದ ಅದನ್ನು ಕೊಡಲಾಗಲಿಲ್ಲ.

ಈ ಇಂಜೆಕ್ಷನ್ ಸಾವಿರಾರು ರೂಪಾಯಿಯದು. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ನಮ್ಮನ್ನು ಬಿಟ್ಟುಹೋದ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯ ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ, ಇಂಜೆಕ್ಷನ್ ಇಲ್ಲೇ ಬೀಳುತ್ತದೆ, ಆಮೇಲೆ ದೊಡ್ಡ ಆಸ್ಪತ್ರೆಗೆ ಪಯಣ. ಹಾಸನದ ಗದ್ದಲದ ನಂತರ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಇದನ್ನು ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಿಂದ ಹಾಸನಕ್ಕೆ ಸುಮಾರು 50 ಕಿಲೋಮೀಟರ್, ಹಾಸನದಿಂದ ಬೆಂಗಳೂರಿಗೆ 180ಕ್ಕೂ ಹೆಚ್ಚು. ನೋವು ಬಂದಾಗ ನೇರ ಬೆಂಗಳೂರಿಗೆ ಕಾರು ತಿರುಗಿಸುವ ಕುಟುಂಬಗಳನ್ನು ಕಂಡಿದ್ದೇನೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಆದರೆ ದಾರಿಯಲ್ಲೇ ಆ ಅಮೂಲ್ಯ ಗಂಟೆಗಳು ಮುಗಿದಿರುತ್ತವೆ. ಮೊದಲು ಹತ್ತಿರದ ಇಸಿಜಿ, ಹತ್ತಿರದ ಇಂಜೆಕ್ಷನ್. ದೊಡ್ಡ ಆಸ್ಪತ್ರೆ ಆಮೇಲೆ.

ಅಜ್ಜಿಯ ಪ್ರಶ್ನೆಗೆ ಮರಳುತ್ತೇನೆ. ವೈದ್ಯನ ಪದವೇ ಬೇರೆ, ಜನರ ಪದವೇ ಬೇರೆ ಆದಾಗ ಏನು ಮಾಡಬೇಕು ಎಂಬುದಕ್ಕೆ ನಾನು ಓದಿದ ಒಳ್ಳೆಯ ಉತ್ತರ ಜಿಂಬಾಬ್ವೆಯಿಂದ ಬಂದದ್ದು. ಹರಾರೆಯ ಮನೋವೈದ್ಯ ಡಾ. ಡಿಕ್ಸನ್ ಚಿಬಾಂಡಾ ಅವರ ರೋಗಿಯಾಗಿದ್ದ ಯುವತಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಊರಿನಿಂದ ಆಸ್ಪತ್ರೆಗೆ ಬರಲು ಅವಳ ಮನೆಯವರ ಬಳಿ ಬಸ್ ಚಾರ್ಜಿಗೆ ದುಡ್ಡಿರಲಿಲ್ಲ. ಆಸ್ಪತ್ರೆಯಲ್ಲಿ ಕಾದು ಕೂರುವ ವೈದ್ಯ ಇಂಥವರಿಗೆ ಎಂದಿಗೂ ಸಿಗುವುದಿಲ್ಲ ಎಂಬ ಸಂಕಟದಿಂದ 2006ರಲ್ಲಿ ಅವರು ಎಂಬಾರೆ ಎಂಬ ಬಡವರ ಬಡಾವಣೆಯ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಕ್ಲಿನಿಕ್ಕಿನ ಹೊರಗೆ ಮರದ ಬೆಂಚು, ಅದರ ಮೇಲೆ ಅಜ್ಜಿ. ಕಷ್ಟವಿದ್ದವರು ಬಂದು ಪಕ್ಕದಲ್ಲಿ ಕೂರಬೇಕು, ಅಷ್ಟೆ. ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಎಂದು ಹೆಸರಿಟ್ಟಿದ್ದರು. ಆ ಹೆಸರಿಟ್ಟರೆ ಯಾರೂ ಕೂರುವುದಿಲ್ಲ ಎಂದು ಅಜ್ಜಿಯರು ಹೇಳಿದ ಮೇಲೆ ಅದು ಗೆಳೆತನದ ಬೆಂಚಾಯಿತು. ಖಿನ್ನತೆ ಎಂಬ ಡಾಕ್ಟರರ ಪದವನ್ನೂ ಅವರು ಒಪ್ಪಲಿಲ್ಲ. ಶೋನಾ ಭಾಷೆಯಲ್ಲಿ 'ಕುಫುಂಗಿಸಿಸ' ಎಂಬ ಮಾತಿದೆ, ಯೋಚನೆ ಅತಿಯಾಗುವುದು ಎಂದು ಅರ್ಥ. ನಮ್ಮವರು 'ಮನಸ್ಸಿಗೆ ಹಚ್ಕೊಂಡವ್ಳೆ' ಅನ್ನುತ್ತಾರಲ್ಲ, ಹಾಗೆ. ಆ ಮಾತಿನಿಂದಲೇ ಅವರು ಶುರು ಮಾಡುತ್ತಿದ್ದರು. ಹರಾರೆಯ 24 ಕ್ಲಿನಿಕ್ಕುಗಳಲ್ಲಿ 573 ಜನರ ಮೇಲೆ ನಡೆಸಿದ ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಅಜ್ಜಿಯರ ಬೆಂಚಿನ ಮೇಲೆ ಕೂತವರು ಹೆಚ್ಚು ಚೇತರಿಸಿಕೊಂಡಿದ್ದರು.

ಜಿಂಬಾಬ್ವೆಗೂ ಅರಕಲಗೂಡಿಗೂ ಇನ್ನೊಂದು ನಂಟಿದೆ. ವರ್ಜೀನಿಯಾ ಹೊಗೆಸೊಪ್ಪು ಆ ದೇಶದ ದೊಡ್ಡ ಬೆಳೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ನಮ್ಮ ರೈತರು ತರುವುದೂ ಅದನ್ನೇ. ಎರಡೂ ಕಡೆ ಒದ್ದೆ ಎಲೆ ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಮೈಗಿಳಿದು ತಲೆಸುತ್ತು, ವಾಂತಿ ತರುತ್ತದೆ. ಬ್ಯಾರನ್ನಿನ ಬಿಸಿಯಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಸೊಪ್ಪು ಬೇಯಿಸುವವರ ಕೈಯಲ್ಲೂ ಬೀಡಿ ಇರುತ್ತದೆ. ಬೆಳೆಯಬೇಡಿ ಎಂದು ಒಂದೇ ಏಟಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಮಗಳ ಮದುವೆಯ ಸಾಲ ತೀರಿಸುವುದು ಆ ಸೊಪ್ಪೇ. ಬೇರೆ ಬೆಳೆಗೆ ಅಷ್ಟೇ ಖಾತರಿಯ ಬೆಲೆ ಕೊಡಿಸದೆ ಬುದ್ಧಿ ಹೇಳುವುದು ನ್ಯಾಯವಲ್ಲ. ಆದರೆ ಸೇದಬೇಡಿ, ಕಡ್ಡಿಪುಡಿ ಬಾಯಿಗೆ ಹಾಕಬೇಡಿ ಎಂದು ಕೈಮುಗಿದು ಹೇಳುತ್ತೇನೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ನಮ್ಮ ದಕ್ಷಿಣ ಏಷ್ಯಾದ ಜನರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮುಂಚೆಯೇ ಬರುವುದು ಕಂಡಿತು. ತಂಬಾಕು, ಬಿಪಿ, ಸಕ್ಕರೆ, ಕೊಬ್ಬು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮೊದಲಾದ 9 ಸಂಗತಿಗಳೇ ಅಪಾಯದ ಶೇ 90ರಷ್ಟಕ್ಕೆ ಕಾರಣ ಎಂದೂ ಕಂಡಿತು. ಹೊಸ, ನಿಗೂಢ ಕಾರಣವನ್ನು ಹುಡುಕಿಕೊಂಡು ಹೋಗಬೇಕಾದ್ದು ಇವೆಲ್ಲ ಮುಗಿದ ಮೇಲೆ.

ನಮ್ಮ ಬೆಂಚು ಎಲ್ಲಿ ಹಾಕಬೇಕು ಎಂದು ಯೋಚಿಸಿದಾಗಲೆಲ್ಲ ನನಗೆ ಕಾಣುವುದು ಹಾಲಿನ ಡೈರಿ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತು, ಜಾತಿ ಪಕ್ಷ ನೋಡದೆ, ಹೆಣ್ಣು ಗಂಡು ಎನ್ನದೆ ಜನ ಸಾಲು ನಿಲ್ಲುವ ಜಾಗ ಅದು. ಆಸ್ಪತ್ರೆಗೆ ಕಾಯಿಲೆ ಬಂದ ಮೇಲೆ ಬರುತ್ತಾರೆ, ಡೈರಿಗೆ ದಿನಾ ಬರುತ್ತಾರೆ. ಅಲ್ಲಿ ಅಳತೆಯ ಮೇಲೆ ನಂಬಿಕೆಯಿದೆ. ಯಂತ್ರ ತೋರಿಸಿದ ಫ್ಯಾಟನ್ನು ಪುಸ್ತಕದಲ್ಲಿ ಬರೆಸಿಕೊಂಡು, ಹೋದ ವಾರದ್ದಕ್ಕೆ ಹೋಲಿಸಿ, ಹಿಂಡಿ ಬದಲಿಸಬೇಕೇ ಎಂದು ಲೆಕ್ಕ ಹಾಕುವ ಹೆಣ್ಣುಮಗಳಿಗೆ ಬಿಪಿ 140/90 ಮುಟ್ಟಬಾರದು ಎಂಬುದು ಕಷ್ಟದ ವಿದ್ಯೆಯಲ್ಲ. ಅಲ್ಲೊಂದು ಬೆಂಚು, ಬಿಪಿ ನೋಡುವ ಒಂದು ಯಂತ್ರ, ವಾರಕ್ಕೆರಡು ಹೊತ್ತು ಆಶಾ ಅಕ್ಕ. ಅವರ ಪಕ್ಕದಲ್ಲಿ, ಊರಿನವರು ಮಾತು ಕೇಳುವಂಥ ಒಬ್ಬ ಹಿರಿಯ ಹೆಂಗಸು. ಅಂಕಿ ಹಾಲಿನ ಪುಸ್ತಕದ ಹಿಂಬದಿಯಲ್ಲಿ. ಮನೆ ಬಾಗಿಲಿಗೇ ಹೋಗಿ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆ ಸರ್ಕಾರದ ಕೈಯಲ್ಲಿ ಈಗಾಗಲೇ ಇದೆ. ಹಗಲು ಮನೆ ಬೀಗ ಹಾಕಿ ಹೊಲಕ್ಕೆ ಹೋದವರು ಸಿಗುವುದು ಡೈರಿಯಲ್ಲಿ.

ಆ ಬೆಂಚಿನ ಮೇಲೆ ಏನು ಮಾತಾಡಬೇಕು? ಬಿಪಿ ಮಾತ್ರೆ ಅಭ್ಯಾಸ ಆಗಿಬಿಡುತ್ತದೆ ಎಂಬ ಭಯ ಪ್ರತಿ ಮನೆಯಲ್ಲೂ ಇದೆ. ಅದಕ್ಕೆ ನಾನು ಈಗ ಕೊಡುವ ಉತ್ತರವನ್ನು ಹೊಳೆನರಸೀಪುರ ಕಡೆಯ ಒಬ್ಬ ತಾಯಿ ನನಗೆ ಕಲಿಸಿದ್ದು. ಮಾತ್ರೆ ಬಿಟ್ಟ ಗಂಡನಿಗೆ ನನ್ನೆದುರೇ ಅವರು ಹೇಳಿದರು: "ಗೂಟಕ್ಕೆ ಕಟ್ಟಿದ್ ಹೋರಿ ಸುಮ್ಕೆ ನಿಂತೈತೆ ಅಂತ ಹಗ್ಗ ಬಿಚ್ತೀಯಾ?" ಬಿಪಿ ಹತೋಟಿಯಲ್ಲಿರುವುದು ಮಾತ್ರೆ ನುಂಗುತ್ತಿರುವುದರಿಂದಲೇ ಎಂದು ನಾನು ಅರ್ಧ ಗಂಟೆ ವಿವರಿಸಿದ್ದೆ. ಅವರು ಒಂದೇ ಮಾತಲ್ಲಿ ಮುಗಿಸಿದರು, ಗಂಡ ಈಗಲೂ ಮಾತ್ರೆ ತಪ್ಪಿಸಿಲ್ಲ. ಉಪ್ಪಿನ ವಿಚಾರವೂ ಹಾಗೆಯೇ. ದಿನಕ್ಕೆ 5 ಗ್ರಾಂ ದಾಟಬಾರದು ಎಂದರೆ ಯಾರಿಗೂ ತಿಳಿಯುವುದಿಲ್ಲ. ಒಬ್ಬರಿಗೆ ಒಂದು ದಿನಕ್ಕೆ ಒಂದು ಚಹದ ಚಮಚ, ಉಪ್ಪಿನಕಾಯಿ ಹಪ್ಪಳ ಸಂಡಿಗೆಯೂ ಅದರಲ್ಲೇ ಲೆಕ್ಕ ಎಂದರೆ ಅಡುಗೆ ಮಾಡುವವರಿಗೆ ತಕ್ಷಣ ತಿಳಿಯುತ್ತದೆ.

ಇನ್ನೊಂದನ್ನು ಅಲ್ಲೇ ಕಲಿಸಬಹುದು. ಎದುರಿಗೇ ಒಬ್ಬರು ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಬಾಯಿಗೆ ನೀರು ಹಾಕುವುದು, ಕೈಗೆ ಕಬ್ಬಿಣ ಕೊಡುವುದು ಬೇಡ. ಒಬ್ಬರು 108ಕ್ಕೆ ಫೋನು ಮಾಡಲಿ. ಇನ್ನೊಬ್ಬರು ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಎದೆ ಎರಡು ಅಂಗುಲ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತ ಇರಲಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಆಟೊ ಸ್ಟ್ಯಾಂಡಿನ ಹುಡುಗರು, ಡೈರಿಯ ಕಾರ್ಯದರ್ಶಿ, ಪಿಯುಸಿ ಓದುವ ಮಕ್ಕಳು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು.

ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನ ತಾಲ್ಲೂಕುಗಳ ಹಾಲು ಉತ್ಪಾದಕರ ಸಂಘಗಳ ಅಧ್ಯಕ್ಷರಲ್ಲಿ, ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಒಮ್ಮೆ ಕರೆದು ಕೂರಿಸಿ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಇಸಿಜಿ ಇದೆಯೇ, ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆಯೇ ಎಂದು ಸಂಘದ ಪರವಾಗಿ ಕೇಳಿ, ಉತ್ತರವನ್ನು ಡೈರಿಯ ಗೋಡೆಯ ಮೇಲೆ ಬರೆಸಿ. ಇಲ್ಲ ಎಂದರೆ ಶಾಸಕರನ್ನು ಕೇಳಿ. ಮತ್ತು ಇದನ್ನು ಓದುತ್ತಿರುವ ನೀವು, 30 ದಾಟಿದವರಾದರೆ, ಈ ವಾರವೇ ಬಿಪಿ, ಸಕ್ಕರೆ ನೋಡಿಸಿಕೊಂಡು, ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರಿನ ಮೇಲೆ, ಅದೇ ಪೆನ್ನಿನಲ್ಲಿ, ನಿಮ್ಮ ಅಂಕಿಗಳನ್ನೂ ಬರೆದಿಡಿ.